ನಾನು ಬರೆದುಕೊಳ್ಳದ ನಂಬರು

ದೆವ್ವ, ಶಕುನ, ಮೈಮೇಲೆ ಬರುವುದು, ಇವಕ್ಕೆಲ್ಲ ನನ್ನ ಬಾಯಲ್ಲಿ ಇದ್ದದ್ದು ಒಂದೇ ಪದ: ನಾನ್‌ಸೆನ್ಸ್. ಹಾಸನದ ಕಾನ್ವೆಂಟಿನ ಸಿಸ್ಟರ್‌ಗಳು ಹೊಲಿಗೆ, ಗ್ರಾಮರ್, ನೆಟ್ಟಗೆ ಕೂರುವುದು ಕಲಿಸಿದ ಹಾಗೆ ಇದನ್ನೂ ಕಲಿಸಿ ಕಳಿಸಿದ್ದರು. ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಯಾವ ಮಗುವಾದರೂ ದೆವ್ವ ಕಂಡೆ ಎಂದರೆ, ಹೋಗು, ಮೊದಲು ಕಣ್ಣು ಟೆಸ್ಟ್ ಮಾಡಿಸು ಎನ್ನುತ್ತಿದ್ದೆ. ಈಗ ನನಗೆ ಎಪ್ಪತ್ತಾರು. ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ನಡೆದದ್ದು ಮಾತ್ರ ಹೀಗೆಯೇ.

ಎರಡು ವರ್ಷದ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿ ಶಿವಣ್ಣ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು, ರಿಟೈರ್ ಆಗಿ ಬಾಗೂರಿಗೆ ಬಂದು ನೆಲೆಸಿದ್ದ. ಅಲ್ಲಿ ಕೆರೆ ಏರಿಯ ಲಂಟಾನ ಕಡಿಸುವಾಗ ಒಂದು ವೀರಗಲ್ಲು ಸಿಕ್ಕಿತು. ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರ ಮೇಲೆ ಬಿದ್ದು ಸತ್ತ ಯಾವನೋ ಪುಣ್ಯಾತ್ಮನದು. ಅದನ್ನು ತೊಳೆದು, ಸ್ಕೂಲಿನ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಶಿವಣ್ಣ ನನಗೆ ಫೋನ್ ಮಾಡಿದ.

"ಮಿಸ್, ದನ ಕಾದು ಸತ್ತೋನ್ಗೆ ಕಲ್ಲೈತೆ. ದೇಶ ಕಾದು ಸತ್ತೋರ್ಗೆ ಏನೈತೆ, ನೀವೇ ಏಳಿ?"

ಆ ವೀರಗಲ್ಲಿನ ಪಕ್ಕದಲ್ಲೇ ಒಂದು ಗ್ರಾನೈಟ್ ಕಲ್ಲು ನಿಲ್ಲಿಸಿ, ಸುತ್ತಲ ಹಳ್ಳಿಗಳಿಂದ ಸೇನೆಗೆ ಹೋಗಿ ಸತ್ತವರ ಹೆಸರು ಕೊರೆಸಬೇಕೆಂದು ಅವನ ಆಸೆ. ಮನೆ ಮನೆಗೆ ಹೋಗಿ ವಿವರ ಬರೆದುಕೊಂಡು, ಸೇನೆಯ ದಾಖಲೆ ಕಚೇರಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಹಾಕುವುದು ನನ್ನ ಕೆಲಸ. ಅವನದು ಒಂದೇ ಕಂಡಿಷನ್: ಸರ್ವೀಸ್ ನಂಬರ್ ಇಲ್ಲದ ಹೆಸರು ಕಲ್ಲು ಹತ್ತಬಾರದು. "ಒಬ್ಬನ್ನ ಬಾಯಿಮಾತ್ಗೆ ಸೇರ್ಸಿದ್ರೆ, ನಾಳೀಕೆ ಮಿಕ್ಕೋರ್ ಎಸ್ರೂ ಸುಳ್ಳು ಅಂತಾರೆ ಮಿಸ್."

ಆ ಕಂಡಿಷನ್ನಿಗೆ ಸಿಕ್ಕಿಬಿದ್ದವರು ಪುಟ್ಟತಾಯಮ್ಮ. ಮದುವೆಯಾಗಿ ಎರಡು ತಿಂಗಳಿಗೆ, ಎಪ್ಪತ್ತೊಂದರ ಯುದ್ಧಕ್ಕೆಂದು ಹೊರಟ ಗಂಡ ರಂಗೇಗೌಡ ಹಿಂದಿರುಗಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಯುದ್ಧದಲ್ಲಿ ಸತ್ತವರ ತಾಲ್ಲೂಕಿನ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲವಾದ್ದರಿಂದ, ಮಿಲಿಟರಿ ಬಿಟ್ಟು ಓಡಿಹೋದ ಎಂದು ಊರು ತೀರ್ಪು ಕೊಟ್ಟಿತ್ತು. ಬದುಕಿರಬಹುದಾದವನಿಗೆ ಎಡೆ ಇಡಬಾರದು ಎಂದು ಹಿರಿಯರು ತಡೆದಿದ್ದರು. ಹಾಗಾಗಿ ಐವತ್ತು ಚಿಲ್ಲರೆ ಮಹಾಲಯ ಅಮಾವಾಸ್ಯೆಗಳಲ್ಲಿ ಆಕೆ ಅತ್ತೆ, ಮಾವ, ಮೈದುನ ಎಲ್ಲರಿಗೂ ಎಲೆ ಹಾಕಿ ಎಡೆ ಇಟ್ಟಿದ್ದರು, ಗಂಡನೊಬ್ಬನನ್ನು ಬಿಟ್ಟು.

ನಾನು ಹೋದದ್ದು ಮಟಮಟ ಮಧ್ಯಾಹ್ನ. ಬಾಗೂರಿಗೆ ಅದೇ ಮೊದಲು ಕಾಲಿಟ್ಟದ್ದು. ಆಕೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರುಮನೆಯ ಹೆಂಗಸು ಬಾಗಿಲಲ್ಲೇ ನಿಂತು, ನನಗೆ ಕೇಳಲೆಂದೇ, "ಓಡೋದೋನ್ನೂ ಕಲ್ಗೆ ಏರುಸ್ತಾರಂತೆ! ಅಂಗಾರೆ ನಮ್ಮನೆ ಕೋಳಿ ಕದ್ದೋನ್ನೂ ಏರ್ಸಿ ಕಣವ್ವಾ" ಎಂದಳು.

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. "ನಿಮ್ ಕೋಳಿ ತಿಂದೋನು ನಿನ್ ಗಂಡ್ನೇ ಕಣಮ್ಮಿ, ಅವನ್ ಎಸ್ರು ಬರೆಸ್ಕೋ ಓಗು" ಎಂದು ಸಿಪ್ಪೆ ಎಸೆದರು. ಎದುರುಮನೆ ಬಾಗಿಲು ಧಡಾರನೆ ಮುಚ್ಚಿತು.

ನಂಬರು ಕೇಳಿದೆ. "ಎಲ್ಲೈತೆ ನನ್ನವ್ವಾ? ಎಲ್ಡು ಕಾಗ್ದ ಬಂದಿದ್ವು. ಟ್ರಂಕ್ ಸಮೇತ ಗೆದ್ಲು ತಿಂದ್ಬುಡ್ತು." ನಾನು ನೋಟ್‌ಬುಕ್ಕಿನಲ್ಲಿ ರಂಗೇಗೌಡ, ಬಾಗೂರು ಎಂದಷ್ಟೇ ಬರೆದು ಪೆನ್ನಿನ ಕ್ಯಾಪ್ ಹಾಕಿದೆ. ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆಕೆ ಕೊಟ್ಟ ಮಜ್ಜಿಗೆ ಕುಡಿದು, ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಮನೆಗೆ ಬಂದೆ. ದಾರಿಯುದ್ದಕ್ಕೂ ಬ್ಯಾಗು ನನ್ನ ತೊಡೆಯ ಮೇಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ನೋಟ್‌ಬುಕ್ ತೆಗೆದರೆ, ರಂಗೇಗೌಡ ಎಂಬುದರ ಕೆಳಗೆ ಏಳು ಅಂಕಿಗಳ ಒಂದು ನಂಬರು ಇತ್ತು. ನನ್ನದೇ ನೀಲಿ ಇಂಕು. ಸಿಸ್ಟರ್‌ಗಳು ಬೆರಳಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ, ಬಲಕ್ಕೆ ವಾಲುವ ನನ್ನದೇ ಹ್ಯಾಂಡ್‌ರೈಟಿಂಗ್.

ಮೊದಲು ನಗು ಬಂತು. ವಯಸ್ಸಾಯಿತು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವಳು ನಾನು. ಬೇರೆ ಯಾರದೋ ನಂಬರು ಇಲ್ಲಿ ಬರೆದಿರಬೇಕು. ಹಿಂದಿನ ಪುಟಗಳನ್ನೆಲ್ಲ ತಾಳೆ ನೋಡಿದೆ. ಯಾವುದಕ್ಕೂ ಹೊಂದಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಂಬರು ಅಲ್ಲೇ ಇತ್ತು.

ಮುಂದೆ ನಾನು ಮಾಡಿದ್ದು ತಪ್ಪು, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಶಿವಣ್ಣನಿಗೆ ಫೋನ್ ಮಾಡಿ, "ಪುಟ್ಟತಾಯಮ್ಮನ ಮನೆಯಲ್ಲಿ ನಂಬರ್ ಸಿಕ್ಕಿತು" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು, ಒಂದೇ ವಾಕ್ಯದಲ್ಲಿ ಎಲ್ಲ ಕಳೆದುಕೊಂಡೆ. ಇನ್ನೇನು ಹೇಳಲಿ? ಸುಳ್ಳು ನಂಬರಾದರೆ ಕಚೇರಿಯವರೇ ಇಲ್ಲ ಎನ್ನುತ್ತಾರೆ ಎಂದುಕೊಂಡು ಪತ್ರ ಹಾಕಿದೆ.

ತಿಂಗಳು ಕಳೆದು ಒಂದು ಬೆಳಿಗ್ಗೆ ಶಿವಣ್ಣನ ಫೋನು. ಮಾತಾಡುವುದು ಬಿಟ್ಟು ಕಿರುಚುತ್ತಿದ್ದ. "ಮಿಸ್! ಸಿಕ್ಬುಟ್ಟ ಮಿಸ್! ಓಡೋಗಿಲ್ಲ ಕಣಿ ಅವ್ನು! ಗಾಯ ಆಗಿದ್ ಇನ್ನೊಬ್ನ ಎಳ್ಕಬರಾಕೆ ಎರಡ್ನೇ ಸಲ ಓಗಿ ಗುಂಡು ತಿಂದವ್ನೆ!"

ಇಷ್ಟು ವರ್ಷ ಸಿಗದಿದ್ದುದಕ್ಕೆ ಕಾರಣವೂ ಶಿವಣ್ಣನ ವಿಳಾಸಕ್ಕೆ ಬಂದ ಕಚೇರಿಯ ಉತ್ತರದಲ್ಲೇ ಇತ್ತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ? ರಂಗೇಗೌಡ ಹುಟ್ಟಿದ್ದು ತಾಯಿಯ ತವರು ಕೊಣನೂರಿನಲ್ಲಿ. ಸೇನೆಗೆ ಸೇರುವಾಗ ಹುಟ್ಟಿದ ಊರು ಯಾವುದು ಎಂದು ಕೇಳಿದರೆ, ಪ್ರಾಮಾಣಿಕ ಮನುಷ್ಯ, ಕೊಣನೂರು ಎಂದ. ಅದೇ ಅವನ ವಿಳಾಸವಾಯಿತು. ಸತ್ತ ಸುದ್ದಿಯ ತಂತಿ ಹೋದದ್ದೂ ಅಲ್ಲಿಗೇ. ಅಷ್ಟರಲ್ಲಿ ಸೋದರಮಾವ ತೀರಿಕೊಂಡು ಆ ಮನೆಗೆ ಬೀಗ ಬಿದ್ದಿತ್ತು. ನಾವೋ ಅವನನ್ನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹುಡುಕುತ್ತಿದ್ದೆವು. ಅವನು ಐವತ್ತು ವರ್ಷ ಅರಕಲಗೂಡು ತಾಲ್ಲೂಕಿನ ಕಾಗದದಲ್ಲಿ ಕೂತಿದ್ದ.

ಕಲ್ಲು ನಿಲ್ಲಿಸಿದ ದಿನ ತಮಟೆಯ ಸದ್ದಿಗೆ ಸ್ಕೂಲಿನ ಹೆಂಚು ಅದುರುತ್ತಿತ್ತು. ಅರಕಲಗೂಡು, ಕಟ್ಟಾಯ, ಎಲ್ಲೆಲ್ಲಿಂದಲೋ ನಿವೃತ್ತ ಸೈನಿಕರು ಮೆಡಲ್ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಸಾಲಾಗಿ ನಿಂತಿದ್ದರು. ಪರದೆ ಸರಿಸಿದ್ದು ಪುಟ್ಟತಾಯಮ್ಮ. ಓದಲು ಬಾರದ ಆಕೆ, "ಯಾವ್ದವ್ವಾ ನಮ್ಮೋರ್ದು?" ಎಂದರು. ನಾನು ಆಕೆಯ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ. ಶಿವಣ್ಣ ಸೆಲ್ಯೂಟ್ ಹೊಡೆದ, ಕಲ್ಲಿಗಲ್ಲ, ಆಕೆಗೆ. ಜನ ಸೆಪರೇಟಾಗಿ ಜೈಕಾರ ಹಾಕಿದ್ದು ರಂಗೇಗೌಡನಿಗೇ. ಎದುರುಮನೆಯವಳ ದನಿ ಎಲ್ಲರಿಗಿಂತ ಜೋರಾಗಿತ್ತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದರು. ಗಂಡನಿಗೆ ಮೊದಲ ಎಡೆ. ಹೊಸ ಪಂಚೆ, ಮುದ್ದೆ, ಬಾಡಿನ ಸಾರು, ಕಜ್ಜಾಯ, ಜೊತೆಗೆ ಶಿವಣ್ಣ ತಂದುಕೊಟ್ಟ ಮಿಲಿಟರಿ ರಮ್ಮು. "ಕುಡೀತಿರ್ನಿಲ್ಲ. ಅಲ್ಲಿ ಚಳೀಗೆ ಕಲ್ತಿದ್ರೂ ಕಲ್ತಿರ್ಬೌದು" ಎಂದು ನಾಚಿಕೊಂಡರು, ಎಪ್ಪತ್ತು ದಾಟಿದ ಹೆಂಗಸು.

ಅಂದು ತಡೆಯಲಾರದೆ ಕೇಳಿಯೇಬಿಟ್ಟೆ: ಆವತ್ತು ನನಗೆ ನಂಬರು ಹೇಳಿದ್ದು ನೀವಾ?

"ನಂಗೆಲ್ಲಿ ಬತ್ತದೆ ನಂಬ್ರು? ನೀವೇ ಬರ್ಕಂಡ್ರಲ್ಲ" ಎಂದರು, ಆಶ್ಚರ್ಯದಿಂದ. "ಮಜ್ಗೆ ತರಾಕೆ ಒಳೀಕೋದ್ನಾ, ತಿರ್ಗಿ ಬತ್ತೀನಿ, ಬಾಗ್ಲ ಕಡೀಕೆ ನೋಡ್ಕಂಡು, ಯಾರೋ ಏಳ್ತಾವ್ರೇನೋ ಅನ್ನಂಗೆ ಒಂದೊಂದೇ ಬರ್ಕತಿದ್ರಿ. ನಡ್ವೆ ಮಾತಾಡ್ಬಾರ್ದು ಅಂತ ಸುಮ್ಕೆ ನಿಂತ್ಕಂಡೆ."

ನನ್ನ ಡಾಕ್ಟರ್ ಸೊಸೆ, ಎಲ್ಲೋ ನೋಡಿದ್ದು ಬ್ರೇನಿನಲ್ಲಿ ಉಳಿದಿರುತ್ತದೆ ಆಂಟಿ ಎನ್ನುತ್ತಾಳೆ. ಎಲ್ಲಿ ನೋಡಿದ್ದೆ? ಅದು ಅವಳಿಗೂ ಗೊತ್ತಿಲ್ಲ. ನನಗಂತೂ ಬಾಗಿಲ ಕಡೆ ನೋಡಿದ್ದೇ ನೆನಪಿಲ್ಲ.

ಪುಟ್ಟತಾಯಮ್ಮ ಮಾತ್ರ ಇದರ ಬಗ್ಗೆ ಮತ್ತೆ ಯೋಚಿಸಿದಂತೆ ಕಾಣಲಿಲ್ಲ. ಎಡೆ ಎತ್ತಿ, ಗಂಡನ ಎಲೆಯಿಂದ ಒಂದು ಕಜ್ಜಾಯ ಮುರಿದು ಅರ್ಧ ನನ್ನ ಎಲೆಗೆ ಹಾಕಿದರು. "ಉಣ್ಣಿ, ಆರೋಯ್ತದೆ" ಎಂದರು. ಉಂಡೆ.