ನಿಂತ ಹೊತ್ತಿನ ಕೂಲಿ

ಸಾಗಣೆ ಕಂಪನಿಯ ಗುಮಾಸ್ತೆಗೆ ಮಾಲೀಕರು ಒಪ್ಪಿಸಿದ ಕೆಲಸ ಹೇಳಲು ಒಂದೇ ಸಾಲಿನದು: ಎಲ್ಲ ಚಾಲಕರಿಗೂ ಕಿಲೋಮೀಟರಿಗೆ ಒಂದೇ ದರವಿರುವ ಪಟ್ಟಿ, ಶನಿವಾರದೊಳಗೆ.

ಅದುವರೆಗೆ ಅಲ್ಲಿ ದುಡಿಮೆಗೊಂದು ಲೆಕ್ಕ, ದಾರಿಗೊಂದು ಲೆಕ್ಕ. ನಗರದೊಳಗೆ ಸರಕು ಹಂಚುವವರಿಗೆ ತಿಂಗಳ ಸಂಬಳ. ಲಾರಿ ಓಡಲಿ ಬಿಡಲಿ, ಒಂದನೇ ತಾರೀಖಿಗೆ ಕೈ ಸೇರುತ್ತಿತ್ತು. ಬಯಲಿನ ಹೆದ್ದಾರಿಯವರು ಓಡಿದ ದೂರಕ್ಕೆ ಕೂಲಿ ಪಡೆದು ಎಲ್ಲರಿಗಿಂತ ಹೆಚ್ಚು ಗಳಿಸುತ್ತಿದ್ದರು. ಬಂದರಿನ ಕಡೆಯ ಸ್ವಂತ ಲಾರಿಯವರು ಡೀಸೆಲ್ಲು, ಟೈರು, ರಿಪೇರಿ ಕಳೆದು ಏನಾದರೂ ಉಳಿದರೆ ಅದನ್ನೇ ಲಾಭವೆಂದು ಕರೆಯುತ್ತಿದ್ದರು. ಬೆಟ್ಟದ ಗಣಿಯಿಂದ ಕಲ್ಲು ಇಳಿಸುವ ಆರು ಮಂದಿಗೆ ಮಾತ್ರ ಟ್ರಿಪ್ಪಿಗಿಷ್ಟು ಎಂಬ ಗುತ್ತಿಗೆ. ಹೊಸ ಪಟ್ಟಿ ಬಂದರೆ ಅವರ ಗಳಿಕೆ ಅರ್ಧಕ್ಕಿಳಿಯುತ್ತಿತ್ತು.

ಆ ಆರರಲ್ಲಿ ಹಿರಿಯನಿಗೆ ಐವತ್ತೇಳು. ಸಂಬಳದ ಕೆಲಸ, ಸ್ವಂತ ಲಾರಿ, ಹೆದ್ದಾರಿ, ಎಲ್ಲದರ ನೀರು ಕುಡಿದು ಕೊನೆಗೆ ಬೆಟ್ಟ ಸೇರಿದವನು. ಉಳಿದವರು ದಿನಕ್ಕೆ ಎರಡು ಸಲ ಇಳಿದರೆ ಆತ ಒಂದೇ ಸಲ. ಹಾಗಾಗಿ ಎಲ್ಲರ ಬಾಯಲ್ಲೂ ಆತ ಬಸವನಹುಳು.

ಸುದ್ದಿ ತಿಳಿದ ದಿನವೇ ಆತ ಕಚೇರಿಗೆ ಬಂದ.

"ಅಮ್ಮಾ, ಗಣಿಯಿಂದ ಇಲ್ಲಿಗೆ ನಲವತ್ತೆರಡು ಕಿಲೋಮೀಟರ್. ಬಯಲಲ್ಲಾದ್ರೆ ಟೀ ಆರೋದ್ರೊಳಗೆ ಮುಗಿಯುತ್ತೆ. ಬೆಟ್ಟದಲ್ಲಿ ಹಾಗಲ್ಲ. ಒಂದ್ಸಲ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

"ಹೋಗ್ಬೇಡಿ ಮೇಡಂ," ಎಂದ ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್. "ಕೆಳಗೆ ಬರೋ ಹೊತ್ತಿಗೆ ನಿಮಗೆ ಪೆನ್ಶನ್ ಶುರುವಾಗಿರುತ್ತೆ!"

ಆಕೆ ಹೋದಳು. ಗುರುವಾರ ಖಾಲಿ ಲಾರಿಯಲ್ಲಿ ಬೆಟ್ಟ ಹತ್ತಿ, ಕಲ್ಲು ತುಂಬಿಸಿಕೊಂಡು, ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಳಿಯತೊಡಗಿದರು. ಆತ ಫ್ಯಾನು ಆರಿಸಿ, ಎರಡೂ ಕಿಟಕಿ ಇಳಿಸಿದ.

"ಮಾತಾಡಬಾರದಾ ಅಣ್ಣ?"

"ಮಾತಾಡಿ. ಉತ್ತರ ಸ್ವಲ್ಪ ತಡ ಆಗುತ್ತೆ. ಕಿವಿ ಬ್ರೇಕ್ ಹತ್ರ ಇರುತ್ತೆ."

ಬೆನ್ನ ಹಿಂದೆ ಇಪ್ಪತ್ತೆಂಟು ಟನ್ ಕಲ್ಲು. ಆತನ ಕಾಲು ಬ್ರೇಕನ್ನು ಒತ್ತಿದ್ದಕ್ಕಿಂತ ಒತ್ತದೆ ತಡೆದದ್ದೇ ಹೆಚ್ಚು. ಎರಡನೇ ಗೇರಿನಲ್ಲಿ ಎಂಜಿನ್ನೇ ಆ ಭಾರವನ್ನು ಹಿಡಿದು, ಮಗುವನ್ನು ಮೆಟ್ಟಿಲಿಳಿಸುವಂತೆ ಇಳಿಸುತ್ತಿತ್ತು. ಗೇರು ಬದಲಾದದ್ದನ್ನು ಎಣಿಸುತ್ತಿದ್ದ ಆಕೆ ಇನ್ನೂರರ ಆಚೆ ಲೆಕ್ಕ ಕೈಬಿಟ್ಟಳು.

ಆರನೇ ಕಿಲೋಮೀಟರಿನ ಸಮತಟ್ಟಿನಲ್ಲಿ ಆತ ಲಾರಿ ನಿಲ್ಲಿಸಿ, ಒಂದೊಂದು ಚಕ್ರದ ಬಳಿಯೂ ಅಂಗೈಯ ಹಿಂಬದಿಯನ್ನು ಗೇಣುದೂರದಲ್ಲಿ ಹಿಡಿಯುತ್ತ ನಡೆದ. ಎಡಗಡೆಯ ಮೂರನೆಯದು ಕಾದಿತ್ತು. ಆರುವವರೆಗೆ ಕಲ್ಲಿನ ಮೇಲೆ ಕುಳಿತ. ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಹಿಂದಿನಿಂದ ಬಂದ ಜೊತೆಗಾರನೊಬ್ಬ ಹಾರ್ನ್ ಬಾರಿಸಿ ಕೂಗಿದ:

"ಏನಣ್ಣ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

"ಎರಡು ಮರಿ ಬಂದಿವೆ, ನಿನ್ನಂಥವೇ!" ಎಂದ ಈತ, ಕುಳಿತಲ್ಲಿಂದಲೇ. ಆ ಲಾರಿ ಹೋದಮೇಲೂ ಸುಟ್ಟ ಬ್ರೇಕಿನ ವಾಸನೆ ತಿರುವಿನಲ್ಲಿ ಉಳಿಯಿತು.

ಅಂಥ ನಿಲುಗಡೆಗಳು ಒಟ್ಟು ಏಳು.

"ಹೀಗೆ ನಿಲ್ಲೋದಕ್ಕೆ ಯಾರು ದುಡ್ಡು ಕೊಡ್ತಾರೆ?"

"ಯಾರೂ ಇಲ್ಲ. ಟ್ರಿಪ್ ಲೆಕ್ಕದಲ್ಲಿ ನಿಂತವನು ಕೆಟ್ಟ. ಅದಕ್ಕೇ ಯಾರೂ ನಿಲ್ಲಲ್ಲ."

"ನೀವು?"

ಉತ್ತರ ತಡವಾಯಿತು. ಕೊನೆಯ ತಿರುವು ದಾಟಿದ ಮೇಲೆ ಆತ ಗದ್ದ ಎತ್ತಿ ತೋರಿಸಿದ. ಅಲ್ಲಿಂದ ರಸ್ತೆ ಬಾಗದೆ, ಬಳುಕದೆ ನೇರವಾಗಿ ಊರಿನ ಮೊದಲ ಬೀದಿಗೆ ಇಳಿಯುತ್ತಿತ್ತು: ಶಾಲೆಯ ಗೇಟು, ಔಷಧಿ ಅಂಗಡಿ, ಅದರ ಪಕ್ಕದಲ್ಲಿ ಕಂಪನಿಯ ಕಚೇರಿ. ಆಕೆಯ ಕಿಟಕಿ, ಕಿಟಕಿಗೆ ಬೆನ್ನು ಹಾಕಿದ ಆಕೆಯ ಕುರ್ಚಿ. ಹತ್ತೊಂಬತ್ತು ವರ್ಷ ಅಲ್ಲಿ ಕುಳಿತು ಆಕೆ ದರಪಟ್ಟಿ ಬರೆದಿದ್ದಳು. ಅಷ್ಟೂ ವರ್ಷ ಪ್ರತಿದಿನವೂ ಇಪ್ಪತ್ತೆಂಟು ಟನ್ ತೂಕ ಬೆನ್ನ ಕಡೆಗೆ ಇಳಿದು ಬಂದಿತ್ತು. ಒಬ್ಬ ಮನುಷ್ಯ ಮಾತ್ರ ತನ್ನ ಪಾಲಿನದನ್ನು ಪುಕ್ಕಟೆಯಾಗಿ ಏಳೇಳು ಸಲ ತಡೆದು ನಿಲ್ಲಿಸಿದ್ದ.

ಶನಿವಾರದ ಪಟ್ಟಿಯಲ್ಲಿ ಬೆಟ್ಟದ ಎದುರು ಕಿಲೋಮೀಟರಿನ ದರವಿರಲಿಲ್ಲ. ಗಂಟೆಯ ದರವಿತ್ತು, ನಿಲುಗಡೆಯೂ ಸೇರಿ.

"ನಿಂತ ಲಾರಿಗೂ ದುಡ್ಡಾ?" ಮಾಲೀಕರು ಕನ್ನಡಕ ತೆಗೆದರು. "ತಲೆ ಸರಿ ಇದೆಯೇನಮ್ಮ?"

"ಅದು ನಿಲ್ಲೋದ್ರಿಂದ್ಲೇ ಸಾರ್, ನಾವಿಲ್ಲಿ ಕೂತಿರೋದು. ಒಂದ್ಸಲ ಹಿಂದೆ ತಿರುಗಿ ನೋಡಿ."

ಅವರು ತಿರುಗಿ ಕಿಟಕಿಯಾಚೆ ನೋಡಿದರು. ಬೆಟ್ಟದ ರಸ್ತೆ ನೇರ ಅವರ ಕಡೆಗೇ ಇಳಿದಿತ್ತು. ಆಮೇಲೆ, ಮೂರು ತಿಂಗಳ ಮಟ್ಟಿಗೆ ಎಂದು ಗೊಣಗುತ್ತ ಸಹಿ ಹಾಕಿದರು.

ಮರುವಾರ ಉಳಿದ ಐವರೂ ಚಕ್ರ ಆರಿಸಲು ನಿಂತರು; ಅವರ ಇಳಿತದ ಹೊತ್ತು ಎರಡು ಗಂಟೆಯಿಂದ ನಾಲ್ಕೂವರೆ ಗಂಟೆಗೆ ಏರಿತು.