ಬಿಜಲಿಯ ಬೆನ್ನಿನ ಜೀನು

ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೌಸರ್ ಅವರು ಎಳೆಯ ಹೆಣ್ಣು ಕುದುರೆ ಚಿಕ್ಕಿಯ ಗೊರಸನ್ನು ಮೊಣಕಾಲ ಮೇಲಿಟ್ಟುಕೊಂಡು ಸಂದಿನ ಮಣ್ಣು ಕೆರೆಯುತ್ತಿದ್ದಾರೆ. ಪಕ್ಕದಲ್ಲಿ ಚಿಕ್ಕಿಯ ತಾಯಿ ಬಿಜಲಿ ತಾನೂ ಒಂದು ಕಾಲೆತ್ತಿ ನಿಂತಿದೆ. ಮದುವೆಯ ದಿನ ತನ್ನ ಗೊರಸು ಮೊದಲು ಎಂಬುದು ಅದಕ್ಕೆ ರೂಢಿ.

“ನಿಂದಲ್ಲ ಬೇ ಇವತ್ತು. ಇಳಸು ಕಾಲು.”

ಬಿಜಲಿ ಇಳಿಸುವುದಿಲ್ಲ.

ಐವತ್ತು ದಾಟಿದ ಕೌಸರ್ ಮದುವೆ ಮೆರವಣಿಗೆಗೆ ಕುದುರೆ ಒಯ್ಯುತ್ತಾರೆ. ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಮದುವೆ ಫೋಟೊಗಳಲ್ಲಿ ಬಿಜಲಿ ಇದೆ. ಲಗಾಮು ಹಿಡಿದ ಕೌಸರ್ ಅವರ ಮುಂಗೈ ಮಾತ್ರ ಇದೆ. ಗಂಡ ತೀರಿಕೊಂಡ ಮೇಲೆ ಹೆಂಗಸು ಲಗಾಮು ಹಿಡಿಯುವುದೇ ಎಂದು ಮೂಗು ಮುರಿದವರಿದ್ದರು. “ಕುದರಿ ಹೆಣ್ಣಾದ್ರ ನಡೀತೈತಿ, ಹಿಡಿಯಾಕಿ ಹೆಣ್ಣಾದ್ರ ನಡಿಯಂಗಿಲ್ಲೇನ್ರಿ?” ಎಂದು ಕೇಳಿ ಕೆಲಸಕ್ಕೆ ನಿಂತರು. ಮದುವೆ ಇಲ್ಲದ ತಿಂಗಳುಗಳಲ್ಲೂ ಕುದುರೆ ತಿನ್ನುತ್ತದೆ. ಆಗ ಕೌಸರ್ ಭತ್ತದ ನಾಟಿಗೆ ಕೂಲಿ ಹೋಗುತ್ತಾರೆ.

ಈ ಮನೆಯಲ್ಲಿ ಬರೀ ಕುದುರೆ ಎಂದರೆ ಸಾಲದು. ಗಂಡುಮರಿ ಬಛೇರಾ, ಹೆಣ್ಣುಮರಿ ಬಛೇರಿ. ಬೆಳೆದ ಮಾತ್ರಕ್ಕೆ ಬಛೇರಿಯನ್ನು ಘೋಡಿ ಎನ್ನುವುದಿಲ್ಲ. ಮದುಮಗನನ್ನು ಹೊತ್ತು ಒಂದು ಮೆರವಣಿಗೆ ಮುಗಿಸಬೇಕು. ಅಂದಿನಿಂದ ಅದರ ತಾಯಿ ಬಡೀಮಾ, ಮನೆಯ ದೊಡ್ಡಮ್ಮ. ಬಡೀಮಾಳ ಬೆನ್ನಿಗೆ ಮತ್ತೆ ಜೀನು ಹಾಕುವಂತಿಲ್ಲ. ಅತ್ತೆಯ ಕಾಲದಿಂದ ಬಂದ ಕಟ್ಟು ಇದು.

ಬಿಜಲಿಗೆ ಬಡೀಮಾ ಎಂಬ ಹೆಸರು ಬೇಗ ಬೇಕಾಗಿದೆ. ಬಲಗಣ್ಣಿಗೆ ಪೊರೆ ಬಂದಿದೆ. ಕಳೆದ ವರ್ಷ ಕಾಣದ ಕಡೆಯಿಂದ ಪಟಾಕಿ ಸಿಡಿದಾಗ ಬೆಚ್ಚಿ, ಮದುಮಗನ ಸಮೇತ ಚರಂಡಿಯ ಅಂಚಿನಲ್ಲಿ ಮಂಡಿಯೂರಿತ್ತು. ಆದರೆ ಚಿಕ್ಕಿ ಹುಟ್ಟಿದಾಗಿನಿಂದ ತಾಯಿಯ ಬಾಲದ ಹಿಂದೆಯೇ ನಡೆದದ್ದು. ಒಂಟಿಯಾಗಿ ಕರೆದೊಯ್ದರೆ ಓಣಿಯ ತಿರುವಿನಿಂದಲೇ ವಾಪಸು ಬರುತ್ತದೆ.

“ಇವತ್ತೂ ತಿರುಗಿದ್ಳಂದ್ರ ನಾಳೆ ಬಿಜಲಿಗೇ ಜೀನು ಬಿಗೀಬೇಕ್ರಿ. ಇಬ್ಬರನ್ನೂ ಕುಂದ್ರಿಸಿ ಸಾಕಾಕ ನನ್ನ ಕೈಲೆ ಆಗಂಗಿಲ್ಲ,” ಎಂದು ಟೆಂಪೊ ಓಡಿಸುವ ಆದಪ್ಪನಿಗೆ ಹೇಳುತ್ತಾ ಕೌಸರ್ ಚಿಕ್ಕಿಯನ್ನು ಟೆಂಪೊ ಹತ್ತಿಸುತ್ತಾರೆ.

ತುರ್ವಿಹಾಳದಲ್ಲಿ ಬ್ಯಾಂಡಿನವರು ಕಾಯುತ್ತಿದ್ದಾರೆ. ಕೌಸರ್ ಚೀಲದಿಂದ ಹಳೆಯ ದಪ್ಪ ಬಟ್ಟೆಯೊಂದನ್ನು ತೆಗೆದು, ಚಿಕ್ಕಿಗೆ ಮೂಸಲು ಕೊಟ್ಟು, ಬೆನ್ನ ಮೇಲೆ ಹಾಸಿ, ಅದರ ಮೇಲೆ ಬಿಜಲಿಯ ಜೀನು ಬಿಗಿಯುತ್ತಾರೆ. ಮದುಮಗನ ಸೋದರಮಾವ ಮೂಗು ಮುಚ್ಚಿಕೊಳ್ಳುತ್ತಾರೆ.

“ಏನವಾ ಇದು, ನಾರಾಕತ್ತೈತಲ್ಲ!”

“ಜರಿ ಬಟ್ಟಿ ಮ್ಯಾಲೆ ಬರ್ತೈತ್ರೀ ಅಣ್ಣಾ. ಇದು ನಿಮಗಲ್ಲ, ಆಕಿಗೆ. ಆಕಿ ಅವ್ವನ ಬೆವರೈತಿ ಇದರಾಗ. ಬೇಕಂತನ ತೊಳದಿಲ್ಲ.”

“ಮದಿಮಗ ಸೆಂಟ್ ಹೊಡಕೊಂಡಾನ ಬಿಡ್ರಿ, ಎಲ್ಲಾ ಸಮ ಆಕೈತಿ,” ಎಂದು ಆದಪ್ಪ ನಗುತ್ತಾನೆ.

ಮೆರವಣಿಗೆ ಹೊರಡುತ್ತದೆ. ಮೊದಲ ತಿರುವಿನಲ್ಲಿ ಚಿಕ್ಕಿ ನಿಂತುಬಿಡುತ್ತದೆ. ಹಿಂದಿನಿಂದ ಯಾರೋ “ಹೊಡೀರಿ ಒಂದು!” ಎಂದು ಕೂಗುತ್ತಾರೆ. ಮದುಮಗ ಬಾಸಿಂಗ ಬಿಟ್ಟು ಚಿಕ್ಕಿಯ ಕತ್ತಿನ ಕೂದಲು ಹಿಡಿದುಕೊಳ್ಳುತ್ತಾನೆ. ಕೌಸರ್ ಲಗಾಮು ಎಳೆಯುವುದಿಲ್ಲ, ಸಡಿಲ ಬಿಡುತ್ತಾರೆ. ಚಿಕ್ಕಿ ಕತ್ತು ಹೊರಳಿಸಿ, ಜರಿಯ ಕೆಳಗಿನಿಂದ ಇಣುಕುವ ಹಳೆಯ ಬಟ್ಟೆಗೆ ಮೂಗು ಒತ್ತುತ್ತದೆ. ಬ್ಯಾಂಡಿನವರು ಮುಂದೆ ಹೋಗಿಯೇಬಿಟ್ಟಿದ್ದಾರೆ.

“ಚಲ್ ಬೇಟಿ,” ಎನ್ನುತ್ತಾರೆ ಕೌಸರ್, ಅದಕ್ಕಷ್ಟೇ ಕೇಳುವಂತೆ.

ಒಂದು ಹೆಜ್ಜೆ. ಆಮೇಲೆ ಮತ್ತೊಂದು. ಗುಡಿಯವರೆಗೂ ಚಿಕ್ಕಿ ಮತ್ತೆ ನಿಲ್ಲುವುದಿಲ್ಲ.

ಮಧ್ಯಾಹ್ನ ಟೆಂಪೊ ಓಣಿಗೆ ತಿರುಗುವ ಮೊದಲೇ ಬಿಜಲಿಯ ಕೆನೆತ ಕೇಳಿಸುತ್ತದೆ. ಮಗಳ ಕತ್ತು, ಬೆನ್ನು, ಪಕ್ಕೆ ಎಲ್ಲ ಮೂಸಿ ಮುಗಿಸುತ್ತದೆ. “ಕಣ್ಣು ಪೂರಾ ಹೋದ್ರೂ ಈ ಬಾಗಲ ಆಕಿಗೆ ಗೊತ್ತೈತ್ರಿ. ಇಲ್ಲೇ ಇರ್ಲಿ, ನಂದಿಷ್ಟ ಆಸೆ,” ಎಂದು ಆದಪ್ಪನಿಗೆ ಹೇಳುತ್ತಾ ಕೌಸರ್ ಟೆಂಪೊದಿಂದ ಇಳಿಸಿದ ಜೀನನ್ನು ಬಿಜಲಿಯ ಗೂಟಕ್ಕಲ್ಲ, ಚಿಕ್ಕಿಯ ಗೂಟಕ್ಕೆ ತೂಗುಹಾಕುತ್ತಾರೆ.

ಜೀನಿನ ಸದ್ದಿಗೆ ಬಿಜಲಿ ಮತ್ತೆ ಕಾಲೆತ್ತುತ್ತದೆ. ಕೌಸರ್ ಈ ಸಲ ಕುಕ್ಕರುಗಾಲಲ್ಲಿ ಕುಳಿತು ಆ ಗೊರಸನ್ನು ಮೊಣಕಾಲ ಮೇಲೆ ತೆಗೆದುಕೊಳ್ಳುತ್ತಾರೆ.

“ಕೆಲಸಕ್ಕಲ್ಲ, ಬಡೀಮಾ. ಸುಮ್ನ.”