ಲೋಕಲ್ ಮೊದಲು ಹೋಗಲಿ

ಮೊನ್ನೆ ಬೆಂಗಳೂರಿನಿಂದ ಮಂಗಳೂರಿನ ತಂಗಿಯ ಮನೆಗೆ ಹೊರಟಿದ್ದೆ. ಬೆಳಿಗ್ಗೆ ನಮ್ಮ ಎಕ್ಸ್‌ಪ್ರೆಸ್ ಬಂಟ್ವಾಳ ಸ್ಟೇಷನ್ನಿನಲ್ಲಿ ನಿಂತಿತು; ನಿಂತೇ ಇತ್ತು. ಪಕ್ಕದ ಹಳಿಯಲ್ಲಿದ್ದ ಲೋಕಲ್‌ಗೆ ಸಿಗ್ನಲ್ ಬಿತ್ತು. ಎದುರು ಸೀಟಿನವರು ಹಲ್ಲುಜ್ಜಿ ಬಂದ ಬ್ರಷ್ ಹಿಡಿದುಕೊಂಡೇ, "ಲೋಕಲ್‌ಗೋಸ್ಕರ ಎಕ್ಸ್‌ಪ್ರೆಸ್ ನಿಲ್ಲಿಸುವುದಾ? ಇದೆಂಥ ನ್ಯಾಯ ಮಾರಾಯ್ರೆ!" ಎಂದರು. ನನಗೆ ಜಲಜಕ್ಕನ ನೆನಪಾಯಿತು.

ಕೆಲವು ವರ್ಷಗಳ ಹಿಂದೆ, ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಮೂರು ತಿಂಗಳು, ನಾನು ದಿನವೂ ಬಂಟ್ವಾಳದಿಂದ ಲೋಕಲ್ ಹಿಡಿಯುತ್ತಿದ್ದೆ. ಕಲ್ಲಡ್ಕದ ಜಲಜಕ್ಕ ಜೊತೆಗಿರುತ್ತಿದ್ದರು. ಅವರು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ನರ್ಸ್‌ಗಳನ್ನು ನೋಡಿ ಕಲಿತದ್ದಿರಬೇಕು, ವಾಚಿನ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಇವರು ಹೋಗಿ ಮುಟ್ಟಿದ ಮೇಲೆಯೇ ರಾತ್ರಿಪಾಳಿಯ ಹುಡುಗಿಗೆ ಮನೆಗೆ ಬಿಡುಗಡೆ. "ಅವಳಿಗೆ ಸಣ್ಣ ಮಗು ಉಂಟು. ನಾನು ತಡ ಮಾಡಿದ್ರೆ ಪಾಪ, ಹಾಲು ಕಟ್ಟಿ ಜ್ವರ ಬರ್ತದೆ" ಎನ್ನುತ್ತಿದ್ದರು. ಇನ್ನೊಮ್ಮೆ ತಡವಾದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಅಲ್ಲಿಯ ಮೇಟ್ರನ್ ಬೇರೆ ಹೇಳಿಯಾಗಿತ್ತು.

ಆದರೆ ಸ್ಟೇಷನ್ ದಾಟಿದರೆ ಇಲ್ಲಿರುವುದು ಒಂದೇ ಹಳಿ. ಬೆಂಗಳೂರಿನ ಎಕ್ಸ್‌ಪ್ರೆಸ್ ತಡವಾದ ದಿನ ಲೋಕಲನ್ನು ಬದಿಗೆ ನಿಲ್ಲಿಸಿ ಅದನ್ನು ಮುಂದೆ ಬಿಡುತ್ತಿದ್ದರು. "ಮಲಗಿಕೊಂಡು ಬರುವವರಿಗೆ ದಾರಿ, ನಿಂತುಕೊಂಡು ಹೋಗುವವರಿಗೆ ಕೆಂಪು ದೀಪ" ಎಂದು ಜಲಜಕ್ಕ ನಗುತ್ತಿದ್ದರು. ಕೊನೆಗೆ ಡಬ್ಬಿಯ ಹೆಂಗಸರೆಲ್ಲ ಸೇರಿ ರೈಲ್ವೆಗೆ ಅರ್ಜಿ ಕೊಡುವುದೆಂದಾಯಿತು.

"ಅಕ್ಕ, ನೀವು ಕಾನ್ವೆಂಟಿನಲ್ಲಿ ಕಲಿತವರಲ್ವಾ, ನೀವೇ ಬರೆಯಿರಿ. ಸ್ವಲ್ಪ ಖಾರ ಇರ್ಲಿ" ಎಂದರು ಜಲಜಕ್ಕ.

ಖಾರ! ನಮ್ಮ ಸಿಸ್ಟರ್‌ಗಳು ಕುಡಿಯುವ ನೀರು ಕೇಳುವ ಮೊದಲೂ ಕ್ಷಮೆ ಕೇಳಲು ಕಲಿಸಿದವರು. ಮೊದಲ ಪುಟದಲ್ಲಿ ಸ್ಟೇಷನ್ನಿನ ಹೂಕುಂಡಗಳನ್ನು ಹೊಗಳಿದೆ. ಎರಡನೆಯದರಲ್ಲಿ ಸಿಬ್ಬಂದಿಯ ಸೌಜನ್ಯವನ್ನು. ಕೊನೆಗೆ, ಸಹಿಗಳಿಗಿಂತ ತುಸು ಮೇಲೆ, ತಮಗೆ ತೊಂದರೆಯಾಗದಿದ್ದಲ್ಲಿ ಎಂದಾದರೊಮ್ಮೆ ಲೋಕಲನ್ನು ಮೊದಲು ಬಿಡುವ ಬಗ್ಗೆ ಆಲೋಚಿಸಬಹುದೇನೋ ಎಂದು ಸೇರಿಸಿದೆ. ಯಾರೂ ಪೂರ್ತಿ ಓದಲಿಲ್ಲ. ಅಕ್ಷರ ಚಂದ ಉಂಟೆಂದು ಸಹಿ ಹಾಕಿದರು.

ಮೇಲಿನ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು: ತಮ್ಮ ಮೆಚ್ಚುಗೆಗೆ ಧನ್ಯವಾದಗಳು.

"ಅಲ್ಲ ಅಕ್ಕ, ನಾವು ಕೊಟ್ಟದ್ದು ದೂರಾ, ಸನ್ಮಾನ ಪತ್ರವಾ?" ಎಂದರು ಜಲಜಕ್ಕ. ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮರುವಾರ ಎಕ್ಸ್‌ಪ್ರೆಸ್ ಮುಕ್ಕಾಲು ಗಂಟೆ ತಡ. ಜಲಜಕ್ಕ ಬಾಗಿಲಲ್ಲೇ ನಿಂತಿದ್ದರು. ಅಂದು ಒಮ್ಮೆಯೂ ವಾಚು ನೋಡಲಿಲ್ಲ. ಮರುದಿನದಿಂದ ಅವರು ಲೋಕಲ್‌ಗೆ ಬರಲಿಲ್ಲ. ಎಷ್ಟೋ ಸಮಯದ ನಂತರ ಕಲ್ಲಡ್ಕದಲ್ಲಿ ಸಿಕ್ಕಿದಾಗ, ಕಟ್ಟಿದ ಬೀಡಿಗಳನ್ನು ಕಂಪನಿಯ ಬ್ರಾಂಚಿಗೆ ಕೊಡಲು ಹೊರಟಿದ್ದರು. "ಈಗ ತಡ ಆದ್ರೆ ಕೇಳುವವರಿಲ್ಲ ಅಕ್ಕ" ಎಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನೆಟ್ಟಗೆ ಬರೆದಿದ್ದರೆ ಅವರ ಕೆಲಸ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಎಕ್ಸ್‌ಪ್ರೆಸ್‌ನಲ್ಲೂ ಕೋರ್ಟು, ಆಸ್ಪತ್ರೆ ಎಂದು ಅವಸರದಲ್ಲಿರುವವರು ಇರುತ್ತಾರೆ. ಆದರೆ ಇಲ್ಲ ಎನ್ನಬೇಕಾದರೂ ರೈಲ್ವೆಯವರಿಗೆ ಮೊದಲು ಕೇಳಿದ್ದು ಏನೆಂದು ತಿಳಿಯಬೇಕಲ್ಲ? ನಾನು ಅಷ್ಟನ್ನೂ ತಿಳಿಸಿರಲಿಲ್ಲ.

ಮೊನ್ನೆ ಲೋಕಲ್ ನಮ್ಮ ಕಿಟಕಿಯ ಪಕ್ಕದಲ್ಲೇ ಹೊರಟಿತು. ಎದುರಿನವರು ಮತ್ತೆ ಗೊಣಗಿದರು.

"ಅದರಲ್ಲಿರುವವರಿಗೆ ಎಂಟು ಗಂಟೆಗೆ ಡ್ಯೂಟಿ ಉಂಟು. ಅವರೇ ಮೊದಲು ಹೋಗಬೇಕು" ಎಂದೆ.

ಅವರು ತಬ್ಬಿಬ್ಬಾಗಿ ನನ್ನನ್ನು ನೋಡಿದರು. ಬೇಸರ ಮಾಡಿಕೊಳ್ಳಬೇಡಿ ಎಂಬ ಮಾತು ಬಾಯಿಯ ತನಕ ಬಂತು, ನುಂಗಿಕೊಂಡೆ.